ಪುಡಿ ನೀರಿನ ಲೋಟ

ನಮ್ಮ ಭಾವ ಸಿಟಿ ಬಸ್ಸಿನ ಕಂಡಕ್ಟರ್. ಕೂತಲ್ಲಿ ಕೂರುವ ಆಸಾಮಿಯಲ್ಲ. ಮನೆಯಲ್ಲೂ ಬಾಗಿಲಲ್ಲಿ ನಿಂತೇ ಚಹಾ ಕುಡಿಯುತ್ತಾರೆ. ಅಂಥವರು ಒಂದು ವಾರ ಆಸ್ಪತ್ರೆಯ ಎರಡನೇ ಮಹಡಿಯ ಕೋಣೆಯಲ್ಲಿ ಸಿಕ್ಕಿಬಿದ್ದರು. ಬೀಗವೇನಿರಲಿಲ್ಲ. ತಾವೇ ಒಪ್ಪಿ ಒಳಗೆ ಹೋದದ್ದು, ಅದಕ್ಕೇ ಇನ್ನಷ್ಟು ಹಿಂಸೆ.

ಕಾರಣ ಅಕ್ಕ-ಭಾವನ ಮಗಳು ಪುಟ್ಟಿ. ಬೇಳೆ, ಹಾಲು, ಮೊಟ್ಟೆ ಎಲ್ಲದರ ಪ್ರೋಟೀನಿನಲ್ಲೂ ಫಿನೈಲಲನೈನ್ ಎಂಬ ಅಮೈನೋ ಆಮ್ಲವಿದೆ. ನಮ್ಮ ಮೈ ಅದನ್ನು ಕರಗಿಸಿಕೊಳ್ಳುತ್ತದೆ. ಪುಟ್ಟಿಯ ಮೈಗೆ ಅದು ಬರುವುದಿಲ್ಲ. ರಕ್ತದಲ್ಲಿ ಏರಿದರೆ ಮಿದುಳಿಗೇ ಕುತ್ತು. ಹುಟ್ಟಿದಾಗಿನಿಂದ ಆ ಮಗುವಿಗೆ ತೂಗಿದ ಊಟ, ಜೊತೆಗೆ ಆ ಆಮ್ಲ ತೆಗೆದ ಪ್ರೋಟೀನ್ ಪುಡಿ ಕದಡಿದ, ಗಬ್ಬು ವಾಸನೆಯ ಪುಡಿ ನೀರು. ಇಂಥ ಮಕ್ಕಳ ತಂದೆತಾಯಿಯ ಮೈ ಅದನ್ನು ಎಷ್ಟು ಬೇಗ ಕರಗಿಸುತ್ತದೆ ಎಂಬುದೇ ಪುಟ್ಟಿಯನ್ನು ನೋಡುವ ಡಾಕ್ಟರಮ್ಮನ ಅಧ್ಯಯನ. "ಮಗಳಿಗೆ ಏನಾದ್ರೂ ದಾರಿ ಸಿಗುತ್ತೇನೋ" ಎಂದು ಭಾವ ಹೋದರು. ಊಟದ ಬದಲು ಅವರಿಗೂ ಅಂಥದೇ ಪುಡಿ ನೀರು, ಅದಕ್ಕೆ ಅಳತೆಯ ಫಿನೈಲಲನೈನ್ ಬೆರೆಸಿ. ಹೊರಗಿನ ಒಂದು ಚೂರು ತಿಂದರೂ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೇಹಣ್ಣು ಕಿವುಚಿದ ಹಾಗೆ.

ನಾನು ನೋಡಲು ಹೋದಾಗ, ಎರಡೇ ದಿನಕ್ಕೆ ಭಾವನ ಮುಖ ಇಳಿದಿತ್ತು. ಕಿಟಕಿಯ ಕೆಳಗೆ ಅವರದೇ ಬಸ್ಸು ಬೇರೆಯವನ ವಿಸಲ್ಲಿಗೆ ಹೊರಡುತ್ತಿತ್ತು.

"ನಾಲಿಗೆ ಸತ್ತೇಹೋಯ್ತು ಕಣಮ್ಮ. ತಳದಲ್ಲಿ ಉಳಿದಿದೆ, ಕುಡಿ ಅಂತ ಪುಟ್ಟೀನ ದಿನಾ ಬೈತಿದ್ದೆನಲ್ಲ!"

"ಈಗ ಗೊತ್ತಾಯ್ತಾ ಭಾವ?" ಎಂದೆ.

ಶನಿವಾರ ಅಮ್ಮನನ್ನೂ ಪುಟ್ಟಿಯನ್ನೂ ಕರೆದುಕೊಂಡು ಹೋದೆ. ಅಳಿಯನನ್ನು ಕಂಡದ್ದೇ ಅಮ್ಮನ ಬ್ಯಾಗಿನಿಂದ ಬೇಯಿಸಿದ ಮೊಟ್ಟೆ ಹೊರಬಂತು.

"ತಿನ್ನಿ ಅಳಿಯಂದ್ರೇ, ನರ್ಸ್ ಆಚೆ ಹೋಗಿದಾಳೆ. ಯಾರಿಗೆ ಗೊತ್ತಾಗುತ್ತೆ?"

ಅಯ್ಯೋ, ಈ ಪ್ರೀತಿಗಿಷ್ಟು ಬೆಂಕಿ ಬೀಳ! ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಸಿಪ್ಪೆ ಸುಲಿದಾಗಿತ್ತು.

ಪುಟ್ಟಿ ಹೋಗಿ ಅಪ್ಪನ ಕೈ ಹಿಡಿದಳು. "ಬೇಡಪ್ಪ. ರಕ್ತ ಹೇಳಿಬಿಡುತ್ತೆ. ನಾನೂ ಕದ್ದು ತಿಂದು ನೋಡಿದೀನಿ."

ಭಾವ ಕೈಯಲ್ಲಿನ ಮೊಟ್ಟೆಯನ್ನೇ ನೋಡಿದರು.

"ನಾಳೆ ನಿನ್ನ ಬಿಡ್ತಾರಲ್ಲ," ಎಂದು ಸಮಾಧಾನ ಮಾಡಿದಳು. ಆಮೇಲೆ, ಬಸ್ಸು ಎಷ್ಟೊತ್ತಿಗೆ ಎಂದು ಕೇಳುವಷ್ಟೇ ಸಲೀಸಾಗಿ, "ನನ್ನ ಯಾವಾಗ ಬಿಡ್ತಾರಪ್ಪ?" ಎಂದಳು.

ಭಾವ ಮೊಟ್ಟೆಯನ್ನು ಅಮ್ಮನ ಕೈಗೆ ವಾಪಸ್ಸು ಕೊಟ್ಟು, ಮೇಜಿನ ಮೇಲಿನ ಪುಡಿ ನೀರಿನ ಲೋಟವೆತ್ತಿ ಒಂದೇ ಉಸಿರಿಗೆ ಕುಡಿದರು.

ಪುಟ್ಟಿ ಲೋಟ ಇಸಕೊಂಡು ಬಗ್ಗಿ ನೋಡಿದಳು.

"ತಳದಲ್ಲಿ ಉಳಿದಿದೆ," ಎಂದು ವಾಪಸ್ಸು ಕೊಟ್ಟಳು.