ಗಿರಣಿಕಟ್ಟಿಯಲ್ಲಿ ಗಾಡಿ ನಿಲ್ಲಿಸುವಾಕೆ

ಕೊಡದಲ್ಲಿ ಉಳಿದ ನೀರನ್ನು ಕಟ್ಟೆಯ ಮಣ್ಣಿಗೆ ಚಿಮುಕಿಸುತ್ತಿರುವಾಗಲೇ ಫಕೀರವ್ವನಿಗೆ ಹಳಿಯ ಸದ್ದು ಕೇಳುತ್ತದೆ. ಕೊಡ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕಂಕುಳಲ್ಲಿದ್ದ ಕೆಂಪು ಬಟ್ಟೆಯ ನಿಶಾನಿ ತೆಗೆಯುತ್ತಾಳೆ. ಬಿಚ್ಚುವುದಿಲ್ಲ. ಕೇರಿಯ ಕಾಲುದಾರಿಯತ್ತ ನೋಡುತ್ತಾಳೆ, ಯಾರೂ ಇಲ್ಲ. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಬೆಳಗಿನ ಆರರ ಗಾಡಿ ನಿಲ್ಲದೆ ದಾಟಿಹೋಗುತ್ತದೆ. ಮರದ ಬಾಕಿನ ಮೇಲೆ ಕೂತ ಕರಿಕೋಟಿನ ಮನುಷ್ಯ ಗಡಿಯಾರ ನೋಡಿ, ಸಣ್ಣ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಾನೆ. ಅವನು ಹೀಗೆ ಬಂದು ಕೂರುವುದು ಇವತ್ತಿಗೆ ನಾಲ್ಕನೆಯ ದಿನ.

ಗಿರಣಿಕಟ್ಟಿ ಸ್ಟೇಷನ್ನಲ್ಲ, ಬರೀ ನಿಲುಗಡೆ. ಮಾಸ್ತರರಿಲ್ಲ, ಟಿಕೀಟಿನ ಕಿಟಕಿಯಿಲ್ಲ. ಒಂದು ಮಣ್ಣಿನ ಕಟ್ಟೆ, ಒಂದು ತಗಡಿನ ಗುಡಿಸಲು, ಆ ಬಾಕು. ಹತ್ತುವವರಿದ್ದರೆ ಫಕೀರವ್ವ ನಿಶಾನಿ ಬಿಚ್ಚಬೇಕು, ಆಗ ಮಾತ್ರ ಗಾಡಿ ನಿಲ್ಲುತ್ತದೆ. ಇದು ಮೊದಲು ಅವಳ ಗಂಡ ಗೋವಿಂದಪ್ಪನ ಕೆಲಸ. ಅವನು ಜ್ವರದಲ್ಲಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ಅವನ ದಿವಸದ ಕಾರ್ಯ ಮುಗಿದ ಮಾರನೆಯ ಬೆಳಿಗ್ಗೆಯೇ ನಿಶಾನಿ ಹಿಡಿದು ನಿಂತವಳು ಅವಳು.

“ಡ್ರೈವರ ನನ್ನ ಮಾರಿ ನೋಡೂದಿಲ್ರಿ ಬಾಯಾರ, ಕೈ ನೋಡತಾನ. ಇಷ್ಟ ದೊಡ್ಡ ಗಾಡಿ ನನ್ನ ಮಾತ ಕೇಳತೈತಿ. ಮನ್ಯಾಗ ಸೊಸಿ ಕೇಳೂದಿಲ್ಲ,” ಎಂದು, ಅವಳ ಕೆಲಸ ನೋಡಿ ಬರೆಯಲು ಬಂದ ನನ್ನತ್ತ ತಿರುಗಿ ನಗುತ್ತಾಳೆ.

ಆಗ ಇಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಗಿರಣಿಗಳು ಮೂರಿದ್ದವು. ಈಗ ಎರಡಕ್ಕೆ ಬೀಗ. ಮೂರನೆಯದು ಸುಗ್ಗಿಯಲ್ಲಿ ಒಂದೂವರೆ ತಿಂಗಳು ಉಸಿರಾಡುತ್ತದೆ. ಗಿರಣಿ ನಂಬಿ ಬಂದವರ ಕೇರಿ ಮಾತ್ರ ಉಳಿದಿದೆ. ಆ ಕೇರಿಯ ಮೂವತ್ತನಾಲ್ಕು ಹೆಂಗಸರು ದಿನಾ ಬೆಳಿಗ್ಗೆ ಈ ಗಾಡಿ ಹತ್ತಿ ಹುಬ್ಬಳ್ಳಿಯ ನೂಲಿನ ಗಿರಣಿಗೆ ಹೋಗುತ್ತಾರೆ. ಹೋಗುತ್ತಿದ್ದರು, ನಾಲ್ಕು ದಿನದ ಹಿಂದಿನವರೆಗೆ.

ಕಳೆದ ತಿಂಗಳು ಒಬ್ಬಳಿಗೆ ಗಿರಣಿಯಲ್ಲಿ ಕೆಲಸ ಮಾಡಿಸುವ ಮುಕಾದಮ ಕೈಮಾಡಿದ್ದಕ್ಕೆ ಇವರೆಲ್ಲ ಅರ್ಧ ದಿನ ಕೆಲಸ ಬಿಟ್ಟು ಹೊರಗೆ ಕೂತಿದ್ದರು. ವಾರದೊಳಗೆ ಮೂವರನ್ನು ತೆಗೆದುಹಾಕಿದರು. ಗಿರಣಿಯವರಿಗೆ ಅವರ ಹೆಸರು ಕೊಟ್ಟವರಾರೆಂದು ಇನ್ನೂ ತಿಳಿದಿಲ್ಲ. ಅಂದಿನಿಂದ ಕೇರಿಯಲ್ಲಿ ಯಾರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಅಂಥ ಹೊತ್ತಿನಲ್ಲಿ ಈ ಕರಿಕೋಟು ಬಂದು ಕೂತಿತು.

“ಮೊದಲ ದಿನ ಅವನ ಬೂಟ ನೋಡಿ ನಾನ ಅಂದ್ನಿರಿ, ಗಿರಣಿ ಮನಿಶ್ಯಾ ಅದಾನ, ಹೆಸರ ಬರಕೊಳ್ಳಾಕ ಬಂದಾನ ಅಂತ,” ಎನ್ನುತ್ತಾಳೆ ಫಕೀರವ್ವ. ಆ ಒಂದು ಮಾತು ಸಾಕಾಯಿತು. ಅವತ್ತು ಹೆಂಗಸರು ಕಾಲುದಾರಿಯಿಂದಲೇ ಹಿಂದಿರುಗಿದರು. ಮರುದಿನದಿಂದ ನಸುಕಿನಲ್ಲೇ ಎದ್ದು, ಒಣಗಿದ ಹಳ್ಳ ದಾಟಿ, ಎರಡು ಮೈಲಿ ನಡೆದು ಮುಂದಿನ ಸ್ಟೇಷನ್ನಾದ ಉಣಕಲ್ಲಿನಲ್ಲಿ ಗಾಡಿ ಹತ್ತುತ್ತಿದ್ದಾರೆ.

ಇವತ್ತು ಅವಳು ಅವನ ಹತ್ತಿರ ಹೋಗಿ ನಿಲ್ಲುತ್ತಾಳೆ. “ಸಾಹೇಬರ, ಹತ್ತಾಕ ಒಂದ ನರಪಿಳ್ಳಿ ಇಲ್ಲ. ಮತ್ತೇನ ಬರಕೋತೀರಿ?”

“ಇಲ್ಲ ಅನ್ನೂದನ್ನ ಬರಕೋತೀನಿ,” ಎನ್ನುತ್ತಾನೆ ಅವನು, ತಲೆಯೆತ್ತದೆ. “ರೈಲ್ವೆ ಆಫೀಸಿಂದ ಕಳಿಸ್ಯಾರ. ಐದು ದಿನದಾಗ ಎಷ್ಟು ಮಂದಿ ಹತ್ತತಾರ, ಅಷ್ಟ ನೋಡೂದು. ನಾಳೆ ಒಂದು ದಿನ. ಇಪ್ಪತ್ತು ಮಂದಿಯರ ಹತ್ತಿದ್ದು ಕಂಡರ ಮತ್ತೊಮ್ಮೆ ಎಣಸ್ರಿ ಅಂತ ಬರೀಬಹುದು. ಇಲ್ಲಂದ್ರ ಗಾಡಿ ಇಲ್ಲಿ ನಿಲ್ಲೂದು ಬಂದ್.”

ಫಕೀರವ್ವ ಹಿಂದಿರುಗಿ ಬಂದು ಖಾಲಿ ಕೊಡವನ್ನು ಎತ್ತಿ, ಮತ್ತೆ ಅಲ್ಲೇ ಇಡುತ್ತಾಳೆ. “ಈಗ ಹಳ್ಳ ಒಣಗೈತ್ರಿ,” ಎನ್ನುತ್ತಾಳೆ ನನಗೆ. “ಮಳಿಗಾಲದಾಗ ಎದಿಮಟ ನೀರು. ಗಾಡಿ ಹೋತಂದ್ರ ನನ್ನ ನಿಶಾನಿ ಅಷ್ಟ ಅಲ್ಲ, ಅವರ ಕೂಳೂ ಹೋತು.”

ಸಂಜೆ, ಕೆಲಸದಿಂದ ಮರಳಿದ ಹೆಂಗಸರು ಕೇರಿಯ ಬಾವಿಗೆ ಬರುತ್ತಾರೆ. ಅವರಲ್ಲಿ ಮಾತು ನಡೆಯುವುದು ಬೀರವ್ವನದು. ಫಕೀರವ್ವ ಅವಳಿಗೆ ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ.

ಬೀರವ್ವ ಹಗ್ಗ ಎಳೆಯುವುದನ್ನು ನಿಲ್ಲಿಸುವುದಿಲ್ಲ. “ಸೋಮಾರ ಗಿರಣಿಯಾಂವ ಅಂದಿ. ಇವತ್ತ ರೈಲಿನಾಂವ ಅಂತಿ. ನಾಳಿ ನಮ್ಮ ಬೀಗರು ಅಂದೀ!”

ಎಲ್ಲರೂ ನಗುತ್ತಾರೆ. ಬೀರವ್ವ ನಗುವುದಿಲ್ಲ. “ಎಷ್ಟ ಚಾ ಕುಡಿಸಿದ ಬೇ ಅಂವ?”

“ನನ್ನ ಹೊಟ್ಟಿ ಮ್ಯಾಲೂ ಕಲ್ಲ ಬೀಳತೈತಿ ಬೀರವ್ವ. ಸುಳ್ಳ್ಯಾಕ ಹೇಳಲಿ?”

“ಮೂರು ಮಂದೀ ಹೆಸರ ಕೊಟ್ಟಾರೂ ಹೊಟ್ಟಿ ಸಲವಾಗೇ ಕೊಟ್ಟಿರತಾರ,” ಎನ್ನುತ್ತಾಳೆ ಬೀರವ್ವ, ಕೊಡವನ್ನು ಸೊಂಟಕ್ಕೇರಿಸುತ್ತ.

ಹೆಂಗಸರು ಒಬ್ಬೊಬ್ಬರಾಗಿ ಹೊರಡುತ್ತಾರೆ. ಫಕೀರವ್ವ ಬಾವಿಯ ಕಲ್ಲಿನ ಮೇಲೆ ಕೂರುತ್ತಾಳೆ. ಹನ್ನೊಂದು ವರ್ಷ ಇವರಿಗಾಗಿ ಗಾಡಿ ನಿಲ್ಲಿಸಿದವಳು; ಇಂದು ಅವಳ ಖರೇ ಮಾತಿಗೆ ಇಲ್ಲಿ ಬೆಲೆಯಿಲ್ಲ. ಕೊನೆಗೆ ಉಳಿದವಳು ಗುಲ್ಜಾರಬಿ. ಅವಳ ಕಿವಿಗೆ ಬಿದ್ದದ್ದು ಅನ್ನ ಬೇಯುವಷ್ಟರಲ್ಲಿ ಕೇರಿಯೆಲ್ಲ ಸುತ್ತುತ್ತದೆ ಎಂಬುದು ಎಲ್ಲರಿಗೂ ಗೊತ್ತು.

“ಗುಲ್ಜಾರಬಿ,” ಎನ್ನುತ್ತಾಳೆ ಫಕೀರವ್ವ, ಕಾಲಿನ ಮುಳ್ಳು ನೋಡಿಕೊಳ್ಳುವವಳಂತೆ ಬಗ್ಗಿ. “ನೀವು ಉಣಕಲ್ಲಾಗ ಹತ್ತೂದು ಅವನಿಗೆ ಗೊತ್ತಾಗೇತಂತ. ನಾಳಿ ಇಲ್ಲಿ ಬಿಟ್ಟ ಅಲ್ಲೇ ಕೂಡತಾನಂತ ಬೇ.”

“ಯಾ ಅಲ್ಲಾ! ಯಾರಂದ್ರು?”

“ಯಾರರ ಅಂದಿರತಾರ.”

ಗುಲ್ಜಾರಬಿ ಕೊಡ ತುಂಬುವುದಕ್ಕೂ ನಿಲ್ಲುವುದಿಲ್ಲ.

ಬೆಳಗಿನಿಂದ ನಾನು ಫಕೀರವ್ವನ ಜೊತೆಗೇ ಇದ್ದೇನೆ. ಆ ಮಾತನ್ನು ಅವಳಿಗೆ ಯಾರೂ ಹೇಳಿಲ್ಲ. ಕಟ್ಟೆಗೆ ಮರಳಿದವಳೇ ಬಾಕಿನ ಒಂದು ತುದಿ ಹಿಡಿದು ಎಳೆಯತೊಡಗುತ್ತಾಳೆ. ಎಳೆದು, ನಿಂತು, ಅದರ ಮೇಲೆ ಕೂತು ಕಾಲುದಾರಿಯತ್ತ ಕತ್ತು ಚಾಚಿ ನೋಡುತ್ತಾಳೆ, ಮತ್ತೆ ಎಳೆಯುತ್ತಾಳೆ. ಕೊನೆಗೆ ಬಾಕು ಗುಡಿಸಲಿನ ಹಿಂದೆ ನಿಲ್ಲುತ್ತದೆ. ಅಲ್ಲಿ ಕೂತವನಿಗೆ ಹಳಿಯೂ ಗಾಡಿಯ ಬಾಗಿಲುಗಳೂ ಕಾಣುತ್ತವೆ. ಕೇರಿಯಿಂದ ಬರುವವರಿಗೆ ಅವನು ಕಾಣುವುದಿಲ್ಲ.

“ಅದ್ಯಾಕೆ ಅಲ್ಲಿ, ಫಕೀರವ್ವ?” ಎನ್ನುತ್ತೇನೆ.

“ಪಾಪ, ಸಾಹೇಬರು ನಾಕು ದಿನ ಬಿಸಿಲಾಗ ಕುಂತಾರ್ರಿ,” ಎನ್ನುತ್ತಾಳೆ, ಅಂಗೈಯ ಧೂಳು ಝಾಡಿಸುತ್ತ. “ಇಲ್ಲಿ ನೆರಳೈತಿ.”

ಬೆಳಗಿನ ಆರು ಗಂಟೆಗೆ ಎಲ್ಲಿಯ ಬಿಸಿಲು!