ಮಂಡ್ಯದ ವಿರುದ್ಧ ಆಡಿದ ದಿನ

"ಪಳ! ಪಳ!" ಎಂದು ಮೈದಾನದ ತುಂಬ ಹುಡುಗಿಯರು ನನ್ನತ್ತ ಕೂಗುತ್ತಿದ್ದರು. ನನಗೆ ಗೊತ್ತಿದ್ದದ್ದು ಫಳಫಳ ಹೊಳೆಯುವುದೊಂದೇ. ಏನಾದರೂ ಹೊಳೆಯುತ್ತಿದೆಯೇನೋ ಎಂದು ಬಗ್ಗಿ ಕಾಲಬುಡದ ಮಣ್ಣು ನೋಡಿದೆ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಪಟ್ಟನೆ ಬೆನ್ನಿಗೆ ಬಿತ್ತು. ಔಟಾದೆ.

"ನೆಲದಾಗ ಏನ್ ಹುಡುಕಾಕತ್ತೀಬೇ? ಪಳ ಅಂದ್ರ ಓಡು!" ಎಂದಳು ಹೊಡೆದವಳು.

ಅವಳ ಹೆಸರು ಪದ್ಮಾ. ಕಾಗವಾಡದ ನಮ್ಮ ಹೈಸ್ಕೂಲಿನ ಖೋಖೋ ತಂಡದ ನಾಯಕಿ. ಕಬ್ಬು ಬೆಳೆಯುವ ಜೈನರ ಮನೆಯ ಹುಡುಗಿ. 'ಪಳ' ಮರಾಠಿ ಮಾತು. ಈ ಸೀಮೆಯಲ್ಲಿ ಕನ್ನಡದವರ ಬಾಯಲ್ಲೂ ಆಟದ ಹೊತ್ತಿಗೆ ಅದೇ ಬರುತ್ತಿತ್ತು. ಮಂಡ್ಯದ ಹತ್ತಿರದ ನಮ್ಮೂರಿನಿಂದ ನಾವು ಬಂದು ಇನ್ನೂ ವಾರವಾಗಿರಲಿಲ್ಲ. ಕನ್ನಡ ನಾಡಿನೊಳಗೇ ಇದ್ದೇವೆ ಎಂದು ಅಪ್ಪ ಹೇಳಿ ಕರೆತಂದಿದ್ದರು. ಆ ದಿನ ನನಗೆ ಅದು ಸುಳ್ಳೆನಿಸಿತು. ಬೇರೆ ಭಾಷೆಯಾಗಿದ್ದರೆ ಅಷ್ಟು ದಣಿವಾಗುತ್ತಿರಲಿಲ್ಲವೇನೋ. ಅರ್ಧ ತಿಳಿಯುವ ನುಡಿಯನ್ನು ದಿನವಿಡೀ ಕೇಳಿಸಿಕೊಂಡು, ಉಳಿದರ್ಧ ಊಹಿಸಿ, ಸಂಜೆ ಮನೆಗೆ ಬರುವಷ್ಟರಲ್ಲಿ ತಲೆ ಭಾರವಾಗಿರುತ್ತಿತ್ತು.

ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ರಸ ಕುದಿಸುವ ಕೆಲಸದವರು. ಇಲ್ಲಿನ ಕಾರ್ಖಾನೆಯವರು ಕರೆದರೆಂದು ಬಂದೆವು. ಎಂಬತ್ತರ ದಶಕದ ನಡುವಿನ ಮಾತು. ಕಾರ್ಖಾನೆಯ ಹಿಂಭಾಗದ ಸಾಲುಮನೆಯೊಂದನ್ನು ಕೊಟ್ಟರು. ವಾಸನೆ ಮಾತ್ರ ಮಂಡ್ಯದ್ದೇ. ಬೆಳಗ್ಗೆ ಕಣ್ಣು ಬಿಡುವ ಮೊದಲು ಕಾಕಂಬಿಯ ಕಂಪು ಮೂಗಿಗೆ ಬಡಿದಾಗ ನಾನು ಇನ್ನೂ ಅಜ್ಜಿಯ ಮನೆಯಲ್ಲೇ ಇದ್ದೇನೆ ಎಂದುಕೊಳ್ಳುತ್ತಿದ್ದೆ. ಪಕ್ಕದ ಮನೆಯವರು "ನೀರ ಬಂದಾವ್ರೀ!" ಎಂದು ಕೂಗಿದೊಡನೆ ಅದು ಮುಗಿಯುತ್ತಿತ್ತು.

ಅಮ್ಮನ ಪಾಡು ಬೇರೆ. ರಾಗಿಗೆ ಇಲ್ಲಿ ನಾಚಣಿ ಎನ್ನುತ್ತಾರೆಂದು ತಿಳಿಯಲು ಅವಳಿಗೆ ಹದಿನೈದು ದಿನ ಬೇಕಾಯಿತು. ಕೊನೆಗೆ ಸಿಕ್ಕಿದ ಅಂಗಡಿಯವನು ತೂಗುತ್ತ, "ಮನ್ಯಾಗ ಯಾರಿಗೆ ಆರಾಮಿಲ್ರೀ ಅಕ್ಕಾರ?" ಎಂದು ಕೇಳಿದ. ಇಲ್ಲಿ ಅದು ಕಾಯಿಲೆಯವರಿಗೆ ಅಂಬಲಿ ಕಾಸುವ ಕಾಳು. ನಾವು ದಿನಾ ಮುದ್ದೆ ಉಣ್ಣುವವರು ಎಂದು ಹೇಳಲು ಅಮ್ಮನಿಗೆ ನಾಚಿಕೆಯಾಯಿತು. "ಮಗಳಿಗೆ" ಎಂದು ನನ್ನನ್ನು ತೋರಿಸಿ ಬಂದಳು. ಎಷ್ಟೋ ದಿನ ಆ ಅಂಗಡಿಯವನು ನನ್ನ ಕಂಡಾಗಲೆಲ್ಲ ಆರೋಗ್ಯ ವಿಚಾರಿಸುತ್ತಿದ್ದ.

ನನ್ನನ್ನು ಇಲ್ಲಿಗೆ ಒಗ್ಗಿಸಿದ್ದು ಖೋಖೋ. ಊರಿನಲ್ಲಿದ್ದಾಗ ಗೆಳತಿ ಸುಧಾಳ ಜೊತೆ ಸ್ಕೂಲಿನ ಹಿಂದಿನ ಬಯಲಿನಲ್ಲಿ ಆಡಿದ್ದೇ ಅಭ್ಯಾಸ. ಇಲ್ಲಿ ಅದು ಹುಡುಗಾಟವಾಗಿರಲಿಲ್ಲ. ನಮ್ಮ ಪಿ.ಟಿ. ಮಾಸ್ತರರಾದ ಮುಲ್ಲಾ ಸರ್ ಬೆಳಿಗ್ಗೆ ಆರಕ್ಕೆಲ್ಲ ಕಂಬದ ಹತ್ತಿರ ನಿಂತಿರುತ್ತಿದ್ದರು. "ಕಾಲು ದಣಿದ ಮ್ಯಾಲ ಆಟ ಚಾಲೂ ಆಗ್ತೈತಿ ಬೇಟಾ" ಎನ್ನುತ್ತಿದ್ದರು. ನನ್ನ ಕಾಲು ದಣಿದದ್ದೇ ದಣಿದದ್ದು. ಮೊಣಕಾಲಿನ ಗಾಯ ಒಣಗುವ ಮುಂಚೆ ಅದರ ಮೇಲೆ ಇನ್ನೊಂದು ಆಗುತ್ತಿತ್ತು. ಆದರೆ ಓಡುವಾಗ ಯಾರೂ ನನ್ನ ಮಾತಿಗೆ ನಗುತ್ತಿರಲಿಲ್ಲ. 'ಖೋ' ಎನ್ನುವುದಕ್ಕೆ ಮಂಡ್ಯದಲ್ಲೂ ಕಾಗವಾಡದಲ್ಲೂ ಒಂದೇ ಉಚ್ಚಾರ.

ಮರುವರ್ಷ ಚಿಕ್ಕೋಡಿಯ ಪಂದ್ಯಾವಳಿಗೆ ಹೋದೆವು. ನಿಪ್ಪಾಣಿ, ರಾಯಬಾಗ, ಅಥಣಿ ಕಡೆಯ ತಂಡಗಳೆಲ್ಲ ಬಂದಿದ್ದವು. ಆಟಗಳು ತಡವಾಗುತ್ತ ಹೋಗಿ ನಮ್ಮ ಸರದಿ ಸಂಜೆಗೆ ಬಿತ್ತು. ಪದ್ಮಾ ಮತ್ತೆ ಮತ್ತೆ ಪಡುವಣಕ್ಕೆ ನೋಡುತ್ತಿದ್ದಳು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಮುಲ್ಲಾ ಸರ್ ಆಟದ ತೀರ್ಪುಗಾರರ ಬಳಿ ಹೋಗಿ, "ಸೂರ್ಯಾ ಇಳಿಯೂದ್ರಾಗ ನನ್ನ ಹುಡುಗಿ ಉಣ್ಣಬೇಕ್ರಿ. ಆಮ್ಯಾಲ ಎಷ್ಟೊತ್ತಿಗರೆ ಆಡಸ್ರಿ" ಎಂದು ಪಟ್ಟು ಹಿಡಿದರು. ಅವಳೊಬ್ಬಳೇ ಉಣ್ಣುವುದು ಹೇಗೆಂದು ಎಲ್ಲರೂ ಬುತ್ತಿ ಬಿಚ್ಚಿ ಧೂಳಿನಲ್ಲೇ ಸುತ್ತ ಕೂತೆವು. ನನ್ನ ಬುತ್ತಿಯಲ್ಲಿ ಬೆಳ್ಳುಳ್ಳಿ ಹಾಕಿದ ಪಲ್ಯವಿತ್ತು. ಅದನ್ನು ಅವಳು ಮುಟ್ಟುವಂತಿರಲಿಲ್ಲ. ಆದರೆ ತನ್ನ ಶೇಂಗಾ ಹೋಳಿಗೆಯನ್ನು ಮುರಿದು ದೊಡ್ಡ ತುಂಡನ್ನೇ ನನ್ನ ಕೈಗಿಟ್ಟು, "ತಿನ್ನಬೇ ಮಂಡ್ಯ, ಸೊರಗಿ ಕಡ್ಡಿ ಆಗೀ" ಎಂದಳು. ಆ ಹೆಸರಿಗೆ ಅಲ್ಲಿಯತನಕ ನೊಂದುಕೊಳ್ಳುತ್ತಿದ್ದ ನಾನು ಆ ದಿನ ಓಗೊಟ್ಟೆ. ಆ ಸಂಜೆ ನಾವು ಗೆದ್ದೆವು.

ಹಾಗೆ ಗೆಲ್ಲುತ್ತ ಗೆಲ್ಲುತ್ತ ನಮ್ಮಿಬ್ಬರನ್ನೂ ಜಿಲ್ಲೆಯ ತಂಡಕ್ಕೆ ಆರಿಸಿದರು. ಹತ್ತನೆಯ ತರಗತಿಯಲ್ಲಿದ್ದಾಗ ರಾಜ್ಯಮಟ್ಟದ ಆಟ ಮೈಸೂರಿನಲ್ಲಿ ನಡೆಯಿತು. ತಂಡದ ಜೊತೆ ಮುಲ್ಲಾ ಸರ್ ಬಂದರು. ನಾವು ಊರು ಬಿಟ್ಟು ಎರಡು ವರ್ಷ ದಾಟಿತ್ತು. ರಜೆಗೆ ಹೋಗೋಣವೆಂದರೆ ಕಬ್ಬು ಅರೆಯುವ ಕಾಲದಲ್ಲಿ ಅಪ್ಪನಿಗೆ ಬಿಡುವಿರಲಿಲ್ಲ, ಉಳಿದ ಕಾಲದಲ್ಲಿ ಏನಾದರೊಂದು ತೊಡಕು. ಆಟ ನೋಡಲು ಬರುವ ಅಜ್ಜಿಯ ಜೊತೆ ಊರಿಗೆ ಹೋಗಿಬರಲೇ ಎಂದು ಮುಲ್ಲಾ ಸರ್ ಹತ್ತಿರ ಹೋಗಿ ಕೇಳಿದೆ. "ಸೋತ ತಂಡಕ್ಕ ಏನ್ ಕೆಲಸ? ಮೊದಲನೇ ಆಟದಾಗ ಸೋತರ ನಿಮ್ಮ ಅಜ್ಜಿ ಜೋಡಿ ಹೋಗಿ ನಾಕ್ ದಿನ ಇದ್ದು ಬಾ. ಗೆದ್ದರ ಮಾತ್ರ ಎಲ್ಲೂ ಬಿಡಂಗಿಲ್ಲ ನೋಡ ಮಗಳ" ಎಂದರು.

ಮೊದಲ ಆಟವೇ ಮಂಡ್ಯದ ಮೇಲೆ ಬಿತ್ತು.

ಅಜ್ಜಿ ಸೋದರಮಾವನ ಜೊತೆ ಬಸ್ಸಿಗೆ ಬಂದಿದ್ದಳು. ಮಡಿಲಲ್ಲಿ ಕೋಡುಬಳೆಯ ಚೀಲವಿಟ್ಟುಕೊಂಡು ಮಂಡ್ಯದವರ ಕಡೆಯ ನೆರಳಿನಲ್ಲಿ ಕೂತಿದ್ದಳು. ಬೇರೆಲ್ಲಿ ಕೂರಬೇಕೆಂದು ಅವಳಿಗಾದರೂ ಹೇಗೆ ತಿಳಿಯಬೇಕು? ಎದುರು ತಂಡದಲ್ಲಿ ಸುಧಾ ಇದ್ದಳು. ನನಗಿಂತ ಎತ್ತರ ಬೆಳೆದಿದ್ದಳು. "ಭಾಗ್ಯಾ, ಏನೇ ಇಷ್ಟು ಕಪ್ಪಾಗಿದ್ದೀಯ!" ಎಂದು ಕೈ ಹಿಡಿದು ಎಳೆದಳು. ಸೀಟಿ ಊದಿದರು. ಕೈ ಬಿಟ್ಟೆವು.

ಕೊನೆಯ ಸರದಿ ನಮ್ಮದು, ಬೆನ್ನಟ್ಟುವುದು. ಅಂಕ ಸಮವಾಗಿತ್ತು. ಅವರಲ್ಲಿ ಸುಧಾ ಒಬ್ಬಳು ಕಂಬದ ಸುತ್ತ ಸುಳಿದಾಡುತ್ತ ಹೊತ್ತು ಕಳೆಯುತ್ತಿದ್ದಳು. ಪದ್ಮಾ ಓಡಿ ಓಡಿ ಸುಸ್ತಾಗಿ, ಕಂಬದ ಪಕ್ಕ ಕೂತಿದ್ದ ನನ್ನ ಬೆನ್ನಿಗೆ 'ಖೋ' ಎಂದಳು. ಎದ್ದೆ. ಸುಧಾ ಎದುರಿಗೇ ಇದ್ದಳು. ತಿರುವು ತೆಗೆದುಕೊಳ್ಳುವ ಮುನ್ನ ಅವಳು ಬಲ ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾಳೆ, ಒರೆಸಿಕೊಂಡರೆ ಎದುರಿರುವವರ ಎಡಕ್ಕೇ ಹೋಗುತ್ತಾಳೆ. ಇದು ಆ ಮೈದಾನದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಅವಳು ಕೈ ಒರೆಸಿಕೊಂಡಳು. ಆ ಗಳಿಗೆಯಲ್ಲಿ ನೆರಳಿನಲ್ಲಿ ಕೂತಿದ್ದ ಅಜ್ಜಿಯ ಸೀರೆ ಕಣ್ಣಂಚಿಗೆ ಕಂಡಿತು. ಬಲಕ್ಕೆ ಹೋದರೆ ಸಾಕಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಹಿಂದೆ ಪದ್ಮಾ ನನ್ನ ಜಾಗದಲ್ಲಿ ಕೂತು ಏದುಸಿರು ಬಿಡುವುದು ಕೇಳುತ್ತಿತ್ತು.

ಎಡಕ್ಕೆ ಹಾರಿದೆ. ಬೆರಳ ತುದಿ ಅವಳ ಜಡೆಗೆ ತಾಕಿತು. ನಾನು ಮುಖ ಅಡಿಯಾಗಿ ಬಿದ್ದೆ.

ಮೇಲೆತ್ತಿದವರೆಲ್ಲ ನಮ್ಮವರು. ಪದ್ಮಾ ಅಳುತ್ತ ನಗುತ್ತ ನನ್ನ ಬಾಯೊಳಗಿನ ಮಣ್ಣು ತೆಗೆಯುತ್ತಿದ್ದಳು. ಸುಧಾ ಕಂಬಕ್ಕೊರಗಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ, ಹೇಗೆ ಸಿಕ್ಕಿಬಿದ್ದೆನೆಂಬ ಬೆರಗಿತ್ತು.

ಅಜ್ಜಿಯ ಬಳಿ ಓಡಿದೆ. "ಗೆದ್ದುಬುಟ್ಟೆ ಅಲ್ವಾ?" ಎಂದಳು. ಖುಷಿಯ ದನಿಯಲ್ಲ, ಬೇಸರದ್ದೂ ಅಲ್ಲ.

"ಹೂಂ ಅಜ್ಜಿ. ನಾಳೆ ಇನ್ನೊಂದು ಆಟ ಐತಿ."

"ಐತಿ ಅಂತೆ" ಎಂದು ಮಾವನ ಮುಖ ನೋಡಿದಳು. ಆಮೇಲೆ ನನ್ನ ಹಣೆಯ ಧೂಳನ್ನು ಸೆರಗಿನಿಂದ ಒರೆಸುತ್ತ, "ಬತ್ತೀಯ ಅಂತ ಅಟ್ಟದಿಂದ ಹಾಸಿಗೆ ಇಳ್ಸಿ ಬಿಸಿಲಿಗಾಕ್ಬುಟ್ಟು ಬಂದಿದ್ದೆ ಕಣವ್ವ. ಹೋಗ್ಲಿ ಬುಡು, ಚೆನ್ನಾಗಿ ಆಡ್ದೆ" ಎಂದಳು.

ಬಸ್ಸಿನ ಹೊತ್ತಾಯಿತೆಂದು ಮಾವ ಎಬ್ಬಿಸಿದ. ಕೋಡುಬಳೆಯ ಚೀಲ ನನ್ನ ಕೈಗೆ ಬಂತು. ಮರುದಿನ ನಾವು ಸೋತೆವು. ಕರೆದೊಯ್ಯಲು ಅಜ್ಜಿಯೂ ಇರಲಿಲ್ಲ, ಆವತ್ತೇ ರಾತ್ರಿ ರೈಲು. ಮಂಡ್ಯ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಎಲ್ಲರೂ ನಿದ್ದೆಯಲ್ಲಿದ್ದರು. ನಾನು ಕಿಟಕಿಯ ಕಂಬಿ ಹಿಡಿದು ಕೂತಿದ್ದೆ. ಪದ್ಮಾ ಕಣ್ಣು ಮುಚ್ಚಿಕೊಂಡೇ, "ಇಳಿಬ್ಯಾಡ ಮತ್ತ" ಎಂದಳು. ಸೆರಗಿನಂತೆ ಜೋತುಬಿದ್ದಿದ್ದ ನನ್ನ ದುಪಟ್ಟಾದ ತುದಿಯನ್ನು ಅವಳು ಮುಷ್ಟಿಯಲ್ಲಿ ಹಿಡಿದಿದ್ದಳು. ಗಾಡಿ ಹೊರಟ ಮೇಲೂ ಬಿಡಲಿಲ್ಲ.

ಆಮೇಲಿನ ವರ್ಷಗಳು ಬೇಗ ಸರಿದವು. ಪದ್ಮಾ ಕಾಲೇಜು ಮುಗಿಸಿ ಸದಲಗಾಕ್ಕೆ ಸೊಸೆಯಾಗಿ ಹೋದಳು, ಈಗ ಅಲ್ಲಿ ಹೈನಿನ ವ್ಯವಹಾರವೆಲ್ಲ ಅವಳದೇ. ಅಪ್ಪ ನಿವೃತ್ತರಾದದ್ದೇ ತಡ, ಅಮ್ಮ ಪಾತ್ರೆ ಕಟ್ಟಿದಳು. ಇಬ್ಬರೂ ಮಂಡ್ಯಕ್ಕೆ ಮರಳಿ ದಿನಾ ಮುದ್ದೆ ಉಣ್ಣುತ್ತ ಸುಖವಾಗಿದ್ದಾರೆ. ನಾನು ಮಾತ್ರ ಹೋಗಲಿಲ್ಲ. ರಾಯಬಾಗ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾದೆ. ಹುಡುಗಿಯರು ಬಾಯಾರು ಎನ್ನುತ್ತಾರೆ, ಇಲ್ಲಿ ಹೆಣ್ಣು ಮಾಸ್ತರರನ್ನು ಕರೆಯುವುದು ಹಾಗೆ. ವರ್ಷಕ್ಕೊಮ್ಮೆ ತಂಡ ಕಟ್ಟುವುದು, ಕೆಂಪು ಬಸ್ಸಿನಲ್ಲಿ ಚಿಕ್ಕೋಡಿ, ನಿಪ್ಪಾಣಿ ಸುತ್ತುವುದು, ಬಿಸಿಲಿನಲ್ಲಿ ಸರದಿಗಾಗಿ ಕಾಯುವುದು. ಕಲಿತ ಹುಡುಗಿಯರು ಬೆಳೆದು ಹೋಗುತ್ತಾರೆ, ಮತ್ತೆ ಏನೂ ಬಾರದವರು ಬಂದು ನಿಲ್ಲುತ್ತಾರೆ. ಮೂವತ್ತಾಗುವ ಮೊದಲೇ ನನ್ನ ಮೊಣಕಾಲು ಚಳಿಗೆ ನೋಯತೊಡಗಿತು.

ಮೊನ್ನೆ ನಿಪ್ಪಾಣಿಯಲ್ಲಿ ಹಾಗೆಯೇ ಕಾಯುತ್ತಿದ್ದಾಗ ನನ್ನ ತಂಡದ ಚಿಂಚಲಿಯ ಹುಡುಗಿ ಸಾವಿತ್ರಿ ಪಕ್ಕಕ್ಕೆ ಬಂದು ಕೂತಳು.

"ಬಾಯಾರ, ಈ ಸಲ ಸ್ಟೇಟ್ ಮ್ಯಾಚ್ ನಿಮ್ಮೂರ ಕಡೆ ಅಂತಲ್ರಿ. ನಾವ್ ಹೋದ್ವಿ ಅಂದ್ರ ನೀವ್ ಯಾ ಕಡೆ ಕುಂಡ್ರತೀರಿ?"

"ನಿಮ್ಮ ಕಡೆನ."

"ನಿಮ್ಮ ಅವ್ವಾರು ಬಂದ್ರ?"

"ಅವರು ಆ ಕಡೆ ಕುಂಡ್ರತಾರ."

ಅವಳು ಶೂ ದಾರ ಬಿಗಿದುಕೊಂಡಳು. "ನಮ್ಮ ಕಡೆ ಕುಂತ್ರೂ, ಅವರ ಗೆಲ್ಲಲಿ ಅಂತ ನಿಮಗ ಒಳಗ ಅನ್ನಸಂಗಿಲ್ಲೇನ್ರಿ?"

ಮಕ್ಕಳಿಗೆ ಸುಳ್ಳು ಹೇಳಲು ಹೋದರೆ ಇನ್ನಷ್ಟು ದಣಿವು.

"ಅನ್ನಸ್ತೈತಿ" ಎಂದೆ. "ಆದ್ರ ನಾ ಕೂಗೂದು ನಿನ್ನ ಹೆಸರ."

ಅವಳಿಗೆ ಅಷ್ಟು ಸಾಕಾಯಿತು. ನಮ್ಮ ಸರದಿ ಬಂತೆಂದು ಕರೆದರು. ಅವಳು ಎದ್ದು ಓಡಿದಳು. ನಾನು ನೆಲಕ್ಕೆ ಕೈಯೂರಿ ನಿಧಾನ ಎದ್ದು, ಅವಳ ಹೆಸರು ಹಿಡಿದು ಕೂಗಿದೆ.