ಪಾರ್ಕಿನ ಮೂಲೆಯ ಗೊಬ್ಬರದ ಗುಂಡಿ

ದೆಹಲಿಯ ಜನಕಪುರಿಯ ನಮ್ಮ ಬ್ಲಾಕಿನಲ್ಲಿ ನಾನು ಹತ್ತದ ಮೆಟ್ಟಿಲಿಲ್ಲ. ಬಾಗಿಲು ತಟ್ಟುವುದು, ಹಸಿ ಕಸ ಬೇರೆ ಇಡಿ, ಪಾರ್ಕಿನ ಗುಂಡಿಗೆ ಹಾಕಿದರೆ ಗೊಬ್ಬರವಾಗುತ್ತದೆ ಎಂದು ನನಗೆ ಬರುವ ಹಿಂದಿಯಲ್ಲಿ ಬೇಡಿಕೊಳ್ಳುವುದು. ಎಲ್ಲರೂ "ಅಚ್ಛಾ ಜೀ" ಎನ್ನುತ್ತಿದ್ದರು. ಕೂರಿಸಿ ಚಹಾ ಕೊಡುತ್ತಿದ್ದರು. ಸಿಪ್ಪೆ ಮಾತ್ರ ಕೊಡುತ್ತಿರಲಿಲ್ಲ.

ಆ ಗುಂಡಿಯನ್ನು ಕಾಡಿ ಬೇಡಿ ತೋಡಿಸಿದವಳು ನಾನೇ. ದೀಪಾವಳಿಯೊಳಗೆ ಜನ ಕಸ ತಂದು ಹಾಕದಿದ್ದರೆ ಅದನ್ನು ಮುಚ್ಚಿಸಿ ಸ್ಕೂಟರ್ ನಿಲ್ಲಿಸಲು ಜಾಗ ಮಾಡುತ್ತೇವೆಂದು ಕಾಲೊನಿ ಸಂಘದ ಕಾರ್ಯದರ್ಶಿ ಹೇಳಿಬಿಟ್ಟಿದ್ದರು.

ನಮ್ಮವರಾದರೂ ಕೊಟ್ಟಾರು ಎಂದು ಮೂರನೇ ಮಹಡಿಯ ಮೈಸೂರಿನ ಅಮ್ಮನ ಮನೆಗೆ ಹೋದೆ. ಮಗ ಸೇನೆಯಲ್ಲಿ, ಇವರು ಸೊಸೆಯ ಜೊತೆ ಇಲ್ಲಿ. ತೊಳೆದ ಹಾಲಿನ ಕವರುಗಳು ಅಡುಗೆಮನೆಯ ಗೋಡೆಗೆ ಅಂಟಿಕೊಂಡು ಒಣಗುತ್ತಿದ್ದವು. ನನಗೆ ಧೈರ್ಯ ಬಂತು; ಹಸಿ ಕಸಕ್ಕೆಂದು ತಂದಿದ್ದ ಬಕೆಟ್ಟನ್ನು ಅಮ್ಮನ ಮುಂದಿಟ್ಟೆ.

"ಈ ಬಕೆಟ್ಟಿಗೆ ಏನೇನು ಹಾಕ್ಬೇಕೇ?"

"ತರಕಾರಿ ಸಿಪ್ಪೆ, ಕಾಫಿ ಚರಟ, ದೇವರ ಹೂವು..."

"ದೇವರ ಹೂವು ಮುಸುರೆ ಜೊತೆಗಾ? ತಲೆ ನೆರೆತ್ರೂ ನಿಂಗೆ ಯಾರೂ ಹೇಳ್ಕೊಡ್ಲಿಲ್ವೇನೇ?"

"ಮತ್ತೆ ಹೂವೆಲ್ಲ ಏನ್ಮಾಡ್ತೀರಮ್ಮ?"

"ಯಮುನೆ ಕಡೆ ಯಾರಾದ್ರೂ ಹೋದ್ರೆ ಕೊಡೋಣ ಅಂತ ಕಟ್ಟಿಟ್ಟಿದ್ದೀನಿ. ಯಾರು ಹೋಗ್ತಾರೆ ಹೇಳು."

ಬಾಲ್ಕನಿಯಲ್ಲಿ ಬಾಡಿದ ಹೂವಿನ ಚೀಲಗಳು ಸಾಲಾಗಿ ಕೂತಿದ್ದವು.

ವಾದಿಸಲು ತ್ರಾಣವಿರಲಿಲ್ಲ. ಕೆಳಗಿಳಿದು ಗುಂಡಿಯ ನಡುವೆ ಇಟ್ಟಿಗೆ ಜೋಡಿಸಿದೆ: ಅತ್ತ ಮುಸುರೆ, ಇತ್ತ ಹೂವು. ಸಂಜೆ ಅಮ್ಮ ಕಂಬಿ ಹಿಡಿದುಕೊಂಡು ತಾವೇ ಇಳಿದು ಬಂದು ಚೀಲಗಳನ್ನು ಬರಿದು ಮಾಡಿ ಕೈಮುಗಿದರು. ಅದನ್ನು ಕಂಡ ಎದುರುಮನೆಯ ಪಂಜಾಬಿ ಆಂಟಿ ಮಾರನೆಯ ದಿನ ತಮ್ಮ ಹೂವು ತಂದರು. ಆಮೇಲೆ ಇಡೀ ಬ್ಲಾಕೇ ತಂದಿತು. ಎಲ್ಲರ ಮನೆಯಲ್ಲೂ ಇದೇ ಗೋಳಿತ್ತು, ಯಾರೂ ಬಾಯಿಬಿಟ್ಟಿರಲಿಲ್ಲ, ಅಷ್ಟೆ. ಹೂವಿನ ಪಾಲು ಚೆಂಡುಹೂವಿನಿಂದ ತುಂಬಿತು. ಮುಸುರೆಯ ಪಾಲಿನಲ್ಲಿ ನಮ್ಮ ಮನೆಯ ಸಿಪ್ಪೆಯೊಂದೇ.

ದೀಪಾವಳಿಗೆ ಮುಂಚೆ ಕಾರ್ಯದರ್ಶಿ ಗುಂಡಿ ಮುಚ್ಚಿಸಲು ಒಂದು ಗಾಡಿ ಮಣ್ಣು ತರಿಸಿದರು. ಗುಂಡಿಯೊಳಗೆ ಇಣುಕಿದವರು ಚಪ್ಪಲಿ ಕಾಲನ್ನು ಥಟ್ಟನೆ ಹಿಂದೆಗೆದರು.

"ಅರೇ, ಯೇ ತೋ ಪೂಜಾ ಕೇ ಫೂಲ್ ಹೈಂ!"

"ಹೌದು ಜೀ, ಪೂಜೆಯ ಹೂವೇ. ಇದರ ಮೇಲೆ ಸ್ಕೂಟರ್ ನಿಲ್ಲಿಸ್ತೀರಾ?" ಎಂದೆ, ಹಿಂದಿಯಲ್ಲೇ.

ಅವರು ಸುತ್ತ ನೋಡಿದರು. ಪ್ರತಿ ಬಾಲ್ಕನಿಯಲ್ಲೂ ಒಬ್ಬೊಬ್ಬರು ನಿಂತಿದ್ದರು. "ಚಲೋ, ರಹನೇ ದೋ" ಎಂದು ಗಾಡಿಯನ್ನು ವಾಪಸು ಕಳಿಸಿದರು.

"ಏನಂತೇ?" ಮೇಲಿಂದ ಅಮ್ಮ ಕೂಗಿದರು.

"ಗುಂಡಿ ಉಳೀತಮ್ಮ!"

"ಹಾಗಾದ್ರೆ ನಾಳೆಯಿಂದ ಸಿಪ್ಪೆನೂ ಕೊಡ್ತೀನಿ. ನೀನೇ ಬಂದು ತಗೊಂಡ್ಹೋಗು. ಮುಸುರೆ ಹಿಡ್ಕೊಂಡು ನಾನಂತೂ ಮೆಟ್ಟಿಲಿಳಿಯಲ್ಲ."

ಮೂರನೇ ಮಹಡಿ. ಮಂಡಿ ನೀವಿಕೊಳ್ಳುತ್ತ, "ಆಗಲಮ್ಮ" ಎಂದೆ.